ಕೈ ಕುಲುಕುವ ಹೊತ್ತು

ಭಾನುವಾರ ಬೆಳಿಗ್ಗೆ ಸ್ಕೆಲ್‌ಬೆಕ್ ಊರಿನ ಸಭಾಮನೆಯ ಬೀಗ ತೆಗೆಯುವುದು ಹೆಸ್ಟರ್ ಆಲ್ಡರ್ಸನ್‌ಳ ಕೆಲಸ. ಗೋಡೆಯ ಮೇಲೆ ಎತ್ತರದಲ್ಲಿರುವ ಹೀಟರುಗಳನ್ನು ದಾರ ಎಳೆದು ಹೊತ್ತಿಸಿ, ಸುಟ್ಟ ಧೂಳಿನ ವಾಸನೆ ಹೋಗಲೆಂದು ಒಂದು ಕಿಟಕಿ ತೆರೆದು, ಬೆಂಚುಗಳ ಮೇಲಿನ ದಿಂಬುಗಳನ್ನು ಕೊಡವಿ, ನಡುವಿನ ಮೇಜಿನ ಮೇಲೆ ಹೂವಿಟ್ಟು, ಹಿಂದಿನ ಅಡುಗೆಕೋಣೆಯಲ್ಲಿ ಚಹಾದ ಬಟ್ಟಲುಗಳನ್ನು ಜೋಡಿಸಿಡುವುದೂ ಅವಳದೇ. ಹಿತ್ತಿಲಿನ ಸಮಾಧಿಗಳ ನಡುವೆ ಪಕ್ಕದ ಹೊಲದ ಕುರಿ ನುಗ್ಗಿದ್ದರೆ ಅದನ್ನು ಅಟ್ಟುವುದೂ ಅವಳದೇ. ಇಷ್ಟೆಲ್ಲ ಅವಳ ಹೆಗಲಿಗೆ ಯಾವಾಗ ಬಂತು ಎಂದು ಕೇಳಿದರೆ ಯಾರಿಗೂ ನೆನಪಿಲ್ಲ. ಕ್ವೇಕರರೆಂಬ ಈ ಕ್ರೈಸ್ತ ಪಂಗಡದಲ್ಲಿ ಪಾದ್ರಿಯಿಲ್ಲ. ಪಾದ್ರಿಯಿಲ್ಲದ ಮೇಲೆ ಪಾದ್ರಿಯ ಕೆಲಸವೂ ಇರುವುದಿಲ್ಲವೆಂದು ತಿಳಿದವರು ಬಂದು ನೋಡಬೇಕು. ಕೆಲಸ ಎಲ್ಲಿಗೂ ಹೋಗುವುದಿಲ್ಲ, 'ಆಗಲ್ಲ' ಎನ್ನಲು ಬಾರದ ಯಾರೋ ಒಬ್ಬ ಹೆಂಗಸನ್ನು ಹುಡುಕಿಕೊಂಡು ಹೋಗಿ ಅವಳ ಮನೆಯಲ್ಲೇ ಬಿಡಾರ ಹೂಡುತ್ತದೆ.

ಹತ್ತೂವರೆಗೆ ಜನ ಬಂದು ಕೂರುತ್ತಾರೆ. ಜನವೆಂದರೆ ಎಷ್ಟು, ಒಂದು ಊಟದ ಮೇಜಿನ ಸುತ್ತ ಹಿಡಿಯುವಷ್ಟು. ಹಾಡಿಲ್ಲ, ಉಪದೇಶವಿಲ್ಲ, ಒಂದು ಗಂಟೆ ಬರೀ ಮೌನ. ಆ ಮೌನದಲ್ಲಿ ಯಾರಿಗಾದರೂ ತಡೆದುಕೊಳ್ಳಲಾಗದಂತೆ ಒಳಗಿನಿಂದ ಮಾತು ಬಂದರೆ ಎದ್ದು ನಿಂತು ಹೇಳಿ ಕೂರುತ್ತಾರೆ. ಬಾರದಿದ್ದರೆ ಇಲ್ಲ. ಗಂಟೆ ತುಂಬಿದಾಗ ಸಭೆ ಆರಿಸಿದ ಹಿರಿಯರು ಪಕ್ಕದಲ್ಲಿ ಕೂತವರ ಕೈ ಕುಲುಕುತ್ತಾರೆ. ಅದು ಆದರೆ ಸಭೆ ಮುಗಿಯಿತು, ಆಗುವ ತನಕ ಮುಗಿದಿಲ್ಲ. ಗೋಡೆಯ ಗಡಿಯಾರ ಏನೇ ತೋರಿಸಲಿ, ಅದರ ಮಾತು ಅಲ್ಲಿ ನಡೆಯುವುದಿಲ್ಲ. ಹಿಂದೆ ಹಿರಿಯರು ಇಬ್ಬರಿದ್ದರು. ಒಬ್ಬರು ತೀರಿಕೊಂಡ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಈಗ ಹಿರಿಯಳು ಹೆಸ್ಟರ್ ಒಬ್ಬಳೇ, ಕೈ ಕುಲುಕುವ ಕೆಲಸವೂ ಅವಳದೇ.

ಅವಳು ಹುಟ್ಟಿನಿಂದ ಕ್ವೇಕರಳಲ್ಲ. ಕಣಿವೆಯ ಮೇಲ್ತುದಿಯ ಒಂದು ಕುರಿ ಸಾಕುವ ಮನೆಯ ಮಗಳು. ಅವರ ಮೆಥಡಿಸ್ಟ್ ಪ್ರಾರ್ಥನಾಮಂದಿರದಲ್ಲಿ ಅಪ್ಪ ಹಾಡಲು ಬಾಯಿ ತೆರೆದರೆ ಕಿಟಕಿ ಗಾಜು ಅದುರುತ್ತಿತ್ತು. ಮಾತಾಡುವುದು, ಬೈಯುವುದು, ದೇವರನ್ನು ಕೂಗಿ ಕರೆಯುವುದು ಎಲ್ಲವೂ ಒಂದೇ ದನಿಯಲ್ಲಿ. ಅಂಥ ಮನೆಯಿಂದ ಬಂದವಳು ಎಡ್ವಿನ್ ಆಲ್ಡರ್ಸನ್‌ನನ್ನು ಮದುವೆಯಾದಳು. ಅವನು ಊರಿನ ಡೈರಿಯಲ್ಲಿ ಚೀಸ್ ಮಾಡುತ್ತಿದ್ದ, ಚೀಸ್ ಹದವಾಗುವುದನ್ನು ಕಾದೂ ಕಾದೂ ತಾಳ್ಮೆಯೇ ಮೈಯಾಗಿದ್ದ ಮನುಷ್ಯ. ಅವನ ಜೊತೆ ಮೊದಲ ಸಲ ಈ ಬೆಂಚಿನ ಮೇಲೆ ಕೂತಾಗ, ಜಗಳವಾಡಿ ಮಾತು ಬಿಟ್ಟವರ ಮನೆಗೆ ಬಂದಂತೆ ಅವಳಿಗೆ ದಿಗಿಲಾಗಿತ್ತು. ಬರುಬರುತ್ತ ಆ ಮೌನ ಹಿಡಿಸಿತು. ಕೆಲವು ಭಾನುವಾರ ಎದೆಯೊಳಗೆ ಏನೋ ಬೆಚ್ಚಗೆ ಹರಿದ ಹಾಗಾಗುತ್ತಿತ್ತು.

ಮದುವೆಯಾದ ಹೊಸದರಲ್ಲಿ, ಕುರಿಗಳು ಮರಿ ಹಾಕುವ ಕಾಲದ ಒಂದು ಬೆಳಿಗ್ಗೆ, ಅವಳು ಎದ್ದು ನಿಂತಳು. ಏಳಬೇಕೆಂದು ಎದ್ದದ್ದಲ್ಲ, ಕಾಲು ತಾನೇ ಎದ್ದಿತ್ತು. ಕುರಿಯ ಮರಿ ಸತ್ತರೆ ಅಪ್ಪ ಆ ಮರಿಯ ಚರ್ಮ ಸುಲಿದು ಇನ್ನೊಂದು ತಬ್ಬಲಿ ಮರಿಗೆ ತೊಡಿಸುತ್ತಿದ್ದ. ತಾಯಿಕುರಿ ಮೂಸಿ ನೋಡಿ, ತನ್ನದೇ ಎಂದು ಹಾಲು ಕೊಡುತ್ತಿತ್ತು. ದೇವರೂ ನಮ್ಮನ್ನು ಹಾಗೇ ಒಳಗೆ ಸೇರಿಸಿಕೊಳ್ಳುತ್ತಾನೋ ಏನೋ, ನಾವು ಯಾರ ಚರ್ಮ ಹೊದ್ದು ಬಂದರೂ. ಇಷ್ಟೇ ಹೇಳಿ ಕೂತಳು.

ಸಭೆ ಮುಗಿದ ಮೇಲೆ ಎಡ್ವಿನ್‌ನ ಸೋದರತ್ತೆ ಟ್ಯಾಬಿತಾ ಬಂದು ಅವಳ ಕೈ ಹಿಡಿದುಕೊಂಡಳು. ಆ ಕಾಲದ ಹಿರಿಯಳು ಅವಳೇ. ಮೆತ್ತಗಿನ ದನಿ.

"ಚೆನ್ನಾಗಿ ಹೇಳ್ದೆ ಮಗಳೇ. ಆದ್ರೆ ಒಂದ್ಮಾತು. ಅದು ನಿಂದಾ, ಕೊಟ್ಟಿದ್ದಾ?"

ತನ್ನ ತಲೆಯಲ್ಲಿ ಹುಟ್ಟಿದ ಮಾತೋ, ಮೇಲಿನಿಂದ ಕೊಟ್ಟ ಮಾತೋ ಎಂದು ಕೇಳಿದ್ದು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಆ ಜನರಲ್ಲಿ ಎಲ್ಲರೂ ತಮ್ಮನ್ನು ತಾವು ಕೇಳಿಕೊಳ್ಳುವ ಪ್ರಶ್ನೆಯೇ ಅದು. ಅಂದಿನಿಂದ ಎಷ್ಟೋ ಸಲ ಹೆಸ್ಟರ್‌ಳ ಎದೆಗೆ ಮಾತು ಬಂತು, ಎಷ್ಟೋ ಸಲ ಕಾಲು ಏಳಲು ನೋಡಿತು. ನಿನ್ನದಾ, ಕೊಟ್ಟಿದ್ದಾ ಎಂದು ಕೇಳಿಕೊಳ್ಳುವಷ್ಟರಲ್ಲಿ ಮಾತು ಆರಿಹೋಗುತ್ತಿತ್ತು. ಆಮೇಲೆ ಅವಳು ಆ ಸಭಾಮನೆಯಲ್ಲಿ ಎದ್ದು ನಿಂತು ಮಾತಾಡಿದ್ದೇ ಇಲ್ಲ. ಎಡ್ವಿನ್‌ನನ್ನು ಮಣ್ಣು ಮಾಡಿದ ದಿನವೂ ಇಲ್ಲ. ಅಷ್ಟು ಗಟ್ಟಿಯಾಗಿ ಸುಮ್ಮನಿರುವುದನ್ನು ನೋಡಿಯೇ ಜನ ಅವಳನ್ನು ಹಿರಿಯಳನ್ನಾಗಿ ಮಾಡಿದರು. ಎಷ್ಟು ಆಳ ನೋಡಿ, ಅಂದರು. ನನಗಂತೂ ಇದನ್ನು ನೆನೆದರೆ ನಗುವೂ ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ.

ಊರಿನ ಶಾಲೆಯ ಅಡುಗೆಮನೆಯಲ್ಲಿ ಅವಳು ವಯಸ್ಸು ಕಳೆದಳು. ದೊಡ್ಡ ಪಾತ್ರೆಗಳಲ್ಲಿ ಆಲೂಗಡ್ಡೆ ಕಿವುಚಿ ಕಿವುಚಿ ಬಲಗೈ ತೋಳು ಎಡಗೈಗಿಂತ ದಪ್ಪವಾಯಿತು. ನಿವೃತ್ತಿಯಾಯಿತು, ಗಂಡ ಹೋದ. ಇನ್ನು ಕಾಲು ಚಾಚಿ ಕೂರೋಣ ಎನ್ನುವಷ್ಟರಲ್ಲಿ ಗಂಡನ ಅಕ್ಕ ಮೇಬಲ್ ಮನೆಗೆ ಬಂದಳು. ತೊಂಬತ್ತರ ಹತ್ತಿರದ ಮುದುಕಿ, ನೆನಪು ಕಳಚಿ ಬೀಳುತ್ತಿದೆ. ರಾತ್ರಿಯಲ್ಲಿ ಎದ್ದು ಕೋಟು ಹಾಕಿಕೊಂಡು ರೈಲಿಗೆ ಹೊತ್ತಾಯಿತು ಎನ್ನುತ್ತಾಳೆ. ಆ ಊರಿಗೆ ರೈಲು ಬರುವುದು ನಿಂತೇ ಒಂದು ತಲೆಮಾರಾಯಿತು. ಹೆಸ್ಟರ್ ಎದ್ದು, ರೈಲು ತಡವಂತೆ ಎಂದು ಹೇಳಿ, ಕೋಟು ಬಿಚ್ಚಿಸಿ, ಮಲಗಿಸುತ್ತಾಳೆ. ಬೆಳಗಾಗುವುದರೊಳಗೆ ಮತ್ತೆ ರೈಲು. ಭಾನುವಾರ ಮಾತ್ರ ಪಕ್ಕದ ಮನೆಯಾಕೆ ಸಭೆಯ ಹೊತ್ತಿನಲ್ಲಿ ಬಂದು ಮುದುಕಿಯ ಹತ್ತಿರ ಕೂತಿರುತ್ತಾಳೆ.

ಹೀಗಾಗಿ ಹೆಸ್ಟರ್‌ಗೆ ಈಚೆಗೆ ಸುಸ್ತು ಎನ್ನುವುದು ಬಂದು ಹೋಗುವ ನೆಂಟನಾಗಿ ಉಳಿದಿರಲಿಲ್ಲ. ಮೌನದಲ್ಲಿ ಕೂತರೆ ಮೊದಲಿನ ಬೆಚ್ಚಗಿನ ಹರಿವೂ ಇಲ್ಲ, ಏನೂ ಇಲ್ಲ, ತೊಳೆದಿಟ್ಟ ಖಾಲಿ ಪಾತ್ರೆ. ಇದನ್ನು ಯಾರಿಗೆ ಹೇಳುವುದು? ಇಂಥದ್ದನ್ನೆಲ್ಲ ಹೋಗಿ ಹೇಳಿಕೊಳ್ಳಬೇಕಾದದ್ದು ಹಿರಿಯಳ ಹತ್ತಿರ. ಹಿರಿಯಳು ಅವಳೇ.

ಹೀಗಿರುವಾಗ ಕ್ಲೆಮೆಂಟ್ ರಾ ಎದ್ದು ಮಾತಾಡತೊಡಗಿದ.

ಕ್ಲೆಮೆಂಟ್ ಕಣಿವೆಯ ಬಸ್ಸು ಓಡಿಸಿ ನಿವೃತ್ತನಾದವನು. ಅವನ ಹೆಂಡತಿ ಐವಿ ಸಭೆಯಲ್ಲಿ ಮೌನವಾಗಿ ಉಣ್ಣೆ ಹೆಣೆಯುತ್ತಿದ್ದಳು, ಹೊರಗೆ ಬಂದಳೆಂದರೆ ಆ ಒಂದು ಗಂಟೆಯ ಸಾಲವನ್ನೆಲ್ಲ ತೀರಿಸುವ ಹಾಗೆ ಮಾತಾಡುತ್ತಿದ್ದಳು. ಕ್ಲೆಮೆಂಟ್ ಅವಳ ಪಕ್ಕ ನಿಂತು 'ಹೂಂ' ಎನ್ನುತ್ತಿದ್ದ. ಐವಿ ಚಳಿಗಾಲದ ಕೊನೆಯಲ್ಲಿ ತೀರಿಹೋದಳು. ಆಮೇಲಿನ ಭಾನುವಾರ ಕ್ಲೆಮೆಂಟ್ ಎದ್ದು ನಿಂತ. ಅದರ ಮುಂದಿನ ಭಾನುವಾರವೂ ನಿಂತ. ವಸಂತ ಹೋಗಿ ಬೇಸಿಗೆ ಬಂದರೂ ನಿಲ್ಲುತ್ತಲೇ ಇದ್ದ.

ಜನ ಕೂತು, ಕೆಮ್ಮು ನಿಂತು, ಮೌನ ಇನ್ನೇನು ಹದಕ್ಕೆ ಬರಬೇಕು, ಅಷ್ಟರಲ್ಲಿ ಅವನ ಬೆಂಚು ಕಿರ್ ಎನ್ನುತ್ತಿತ್ತು. ಮಾತು ಹವಾಮಾನದಿಂದ ಹೊರಡುತ್ತಿತ್ತು. ಸೇತುವೆಯ ತಿರುವು, ಅಲ್ಲಿ ಹಿಂದೊಮ್ಮೆ ಹಿಮದಲ್ಲಿ ಬಸ್ಸು ನಿಂತದ್ದು, ಆ ಬಸ್ಸಿನಲ್ಲಿದ್ದವರು ಯಾರ್‍ಯಾರು, ಅವರಲ್ಲಿ ಯಾರಿಗೆ ಮೊಣಕಾಲು ನೋವು. ಎಲ್ಲ ನಿಲ್ದಾಣದಲ್ಲೂ ನಿಂತು, ಕೊನೆಗೆ ಐವಿಯ ಹತ್ತಿರ ಬಂದು ನಿಲ್ಲುತ್ತಿತ್ತು. ಒಂದು ಸಲ ಹೇಳಿದ: "ಅವಳು ದಿನಾ ಮಾತಾಡೋಳು, ನಾನು ಹೂಂ ಅನ್ನೋನು. ಈಗ ನನ್ನ ಹತ್ರ ಹೂಂ ಹಾಗೇ ಉಳಿದುಬಿಟ್ಟಿದೆ. ಬೆಳಿಗ್ಗೆ ಎದ್ದ ಕೂಡ್ಲೇ ಬಾಯಿಗೆ ಬರತ್ತೆ. ಯಾರಿಗೆ ಅನ್ಲಿ?" ಅಂದು ಸುಮ್ಮನೆ ಕೂತಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅಲ್ಲಿಂದ ಅವನು ಮತ್ತೆ ಬಸ್ಸಿನ ಬ್ರೇಕಿಗೆ ಹೋದ.

ಜನ ಮೊದಮೊದಲು ಕಣ್ಣು ಒರೆಸಿಕೊಂಡರು, ಆಮೇಲೆ ತಾಳಿಕೊಂಡರು, ಆಮೇಲೆ ಗಡಿಯಾರ ನೋಡತೊಡಗಿದರು. ಹೊಸದಾಗಿ ಬರುತ್ತಿದ್ದ ಒಂದು ಎಳೆಯ ಜೋಡಿ ಬರುವುದನ್ನು ಬಿಟ್ಟಿತು. ಅಡುಗೆಕೋಣೆಯಲ್ಲಿ ಬಟ್ಟಲು ಒರೆಸುತ್ತ ಪ್ರುಡೆನ್ಸ್ ಕ್ಯಾಲ್ವರ್ಟ್ ಅದನ್ನು ಬಾಯಿಬಿಟ್ಟು ಹೇಳಿದಳು. ಪ್ರುಡೆನ್ಸ್ ಸಭೆಯ ಲೆಕ್ಕಪತ್ರ, ಬರವಣಿಗೆ ನೋಡುವ ಕಾರ್ಯದರ್ಶಿ. ಹೆಸ್ಟರ್ ಅಡುಗೆ ಮಾಡುತ್ತಿದ್ದ ಶಾಲೆಗೆ ಒಂದು ಕಾಲದಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದವಳು. ಈ ಜನರಲ್ಲಿ ದೊಡ್ಡವರು ಚಿಕ್ಕವರು ಎಂದಿಲ್ಲ, ಮುಖ್ಯೋಪಾಧ್ಯಾಯಿನಿಯೂ 'ನೀನು', ಅಡುಗೆಯವಳೂ 'ನೀನು'. ಆದರೂ ಪ್ರುಡೆನ್ಸ್ 'ನೀನು' ಎಂದಾಗ ಹೆಸ್ಟರ್‌ಗೆ ಬೆನ್ನು ನೆಟ್ಟಗಾಗುತ್ತಿತ್ತು.

"ಇದೇನು ಸಭೆಯಾ, ಬಸ್ಸಾ? ಹತ್ತಿ ಕೂತ್ಮೇಲೆ ಇಳಿಯೋ ಹಾಗೇ ಇಲ್ಲ," ಅಂದಳು ಪ್ರುಡೆನ್ಸ್.

"ಹೆಂಡ್ತಿ ಹೋಗಿದಾಳೆ ಪ್ರುಡೆನ್ಸ್."

"ಗೊತ್ತಮ್ಮ. ನಾನೂ ಅತ್ತಿದೀನಿ. ಆದ್ರೆ ಎಲ್ರೂ ಅವರವರ ದುಃಖ ಹೊತ್ಕೊಂಡೇ ಬರೋದು ಇಲ್ಲಿಗೆ. ಅವನೊಬ್ಬ ಇಡೀ ಬೆಂಚಿನ ತುಂಬ ಹರಡ್ಕೊಂಡು ಕೂತ್ರೆ ಉಳಿದೋರು ಎಲ್ಲಿಡ್ಬೇಕು? ನೀನು ಹಿರಿಯಳು. ನೀನೇ ಹೇಳ್ಬೇಕು."

"ನಾನಾ?"

"ಮತ್ತೆ ಕುರಿ ಬಂದು ಹೇಳತ್ತಾ?"

ಹೇಳುವುದಿಲ್ಲ ಎನ್ನಲು ಹೆಸ್ಟರ್‌ಗೆ ಬರಲಿಲ್ಲ. ಆಗಲೇ ಹೇಳಿದೆನಲ್ಲ, ಅವಳ ಕಾಯಿಲೆಯೇ ಅದು.

ವಾರದ ನಡುವೆ ಒಂದು ಮಧ್ಯಾಹ್ನ ಶುಂಠಿ ಕೇಕು ಮಾಡಿಕೊಂಡು ಕ್ಲೆಮೆಂಟ್‌ನ ಮನೆಗೆ ಹೋದಳು. ಅವನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದ, ಚಹಾ ಮಾಡಿದ, ಕೇಕು ಚೆನ್ನಾಗಿದೆಯೆಂದು ತಿನ್ನುವ ಮೊದಲೇ ಹೇಳಿದ. ಹೆಸ್ಟರ್ ಬಾಯಿ ತೆರೆದಾಗಲೆಲ್ಲ ಅವನು ಇನ್ನೊಂದು ತುಂಡು ಕೇಕು ಅವಳ ತಟ್ಟೆಗೆ ಹಾಕಿದ. ಚಹಾ ಆರಿತು. ಮನೆಯಲ್ಲಿ ಮೇಬಲ್ ಒಬ್ಬಳೇ ಇದ್ದಾಳೆಂಬ ಚಿಂತೆ ಬೇರೆ.

"ಕ್ಲೆಮೆಂಟ್, ನೀನು ಸಭೇಲಿ ಎದ್ದು ಮಾತಾಡ್ತೀಯಲ್ಲ…"

"ಜಾಸ್ತಿ ಆಯ್ತಾ?" ಅಂದ ತಕ್ಷಣ. ಗೊತ್ತಿತ್ತು ಅವನಿಗೆ, ಪಾಪ.

ಆಗ ಅವಳು 'ಹೂಂ, ಸ್ವಲ್ಪ' ಎಂದಿದ್ದರೆ ಮುಗಿಯುತ್ತಿತ್ತು. ಇಬ್ಬರೂ ನಕ್ಕು ಇನ್ನೊಂದು ಲೋಟ ಚಹಾ ಕುಡಿಯುತ್ತಿದ್ದರು. ಆದರೆ ಸುಸ್ತಾದವರ ಬಾಯಿಗೆ ತಮ್ಮ ಮಾತು ಬರುವುದಿಲ್ಲ, ಯಾರೋ ಹೇಳಿಟ್ಟದ್ದು ಬರುತ್ತದೆ.

"ಏಳೋ ಮುಂಚೆ ನಿನ್ನನ್ನ ನೀನು ಕೇಳ್ಕೊಂಡಿದೀಯಾ, ಇದು ನಂದಾ, ಕೊಟ್ಟಿದ್ದಾ ಅಂತ? ಇದು ನನಗೊಬ್ಬನಿಗಾ, ಎಲ್ಲರಿಗಾ ಅಂತ?"

ದನಿ ಕೂಡ ಟ್ಯಾಬಿತಾಳದೇ, ಮೆತ್ತಗೆ. ಹೇಳಿದ ಮೇಲೆ ಹೆಸ್ಟರ್‌ಗೆ ತನ್ನ ಬಾಯಿಯ ಬಗ್ಗೆಯೇ ಹೇಸಿಗೆಯಾಯಿತು. ಕ್ಲೆಮೆಂಟ್ ಮೇಜಿನ ಮೇಲೆ ಬಿದ್ದ ಕೇಕಿನ ಪುಡಿಯನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡಿದ.

"ಕೇಳ್ಕೊಂಡಿಲ್ಲ," ಅಂದ. "ಬರ್ತಿತ್ತು, ಹೇಳ್ತಿದ್ದೆ. ಕೇಳ್ಕೋಬೇಕಿತ್ತು. ಕಂಡಕ್ಟರ್ ಬೆಲ್ ಹೊಡೀದೆ ಬಸ್ ಬಿಟ್ಟ ಹಾಗಾಯ್ತು ನೋಡು." ತಲೆಯೆತ್ತಿದ. "ಕೊಟ್ಟಿದ್ದಾದ್ರೆ ಗೊತ್ತಾಗತ್ತಾ ಹೆಸ್ಟರ್?"

"ಗೊತ್ತಾಗತ್ತೆ," ಅಂದಳು.

ಅದು ಸುಳ್ಳು. ನ್ಯಾಯಾಲಯದಲ್ಲಿ ಪ್ರಮಾಣ ಮಾಡಲು ಕೂಡ ಒಪ್ಪದ ಜನ ಇವರು. ನಾವು ಯಾವಾಗಲೂ ನಿಜವನ್ನೇ ಹೇಳುವವರು, ಪ್ರಮಾಣ ಯಾಕೆ ಎನ್ನುವ ಜನ. ಅಂಥ ಜನರ ಹಿರಿಯಳು ಹೆಂಡತಿ ಸತ್ತವನ ಎದುರು ಕೂತು, ಮನೆಗೆ ಹೋಗುವ ಆತುರದಲ್ಲಿ ಸುಳ್ಳು ಹೇಳಿ ಬಂದಳು.

ಮುಂದಿನ ಭಾನುವಾರ ಬೆಂಚು ಕಿರ್ ಎನ್ನಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಪ್ರುಡೆನ್ಸ್ ಚಹಾ ಕೊಡುತ್ತ, "ಅದೇನು ಮಾಯ ಮಾಡಿದೆಯೋ, ಮೌನ ಹೇಗೆ ಕೂಡಿಬಂತು ನೋಡು," ಅಂದಳು. ಹೆಸ್ಟರ್ ಅವಳ ಮುಖ ನೋಡಲಿಲ್ಲ. ಉಳಿದವರಿಗೆ ಕಾಣದ್ದು ಅವಳಿಗೆ ಕಾಣುತ್ತಿತ್ತು, ಕ್ಲೆಮೆಂಟ್ ಅವಳ ಪಕ್ಕದ ಬೆಂಚಿನಲ್ಲೇ ಕೂರುತ್ತಿದ್ದನಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನ ಕಾಲು ಹಿಂದಕ್ಕೆ ಸರಿಯುತ್ತಿತ್ತು. ಎರಡು ಕೈಯೂ ಮಂಡಿ ಹಿಡಿಯುತ್ತಿದ್ದವು, ಮೈ ಮುಂದಕ್ಕೆ ಬಾಗುತ್ತಿತ್ತು. ಇನ್ನೇನು ಎದ್ದ ಎನ್ನುವಾಗ ಅಲ್ಲೇ ನಿಂತು, ಏನೋ ಕೇಳಿಸಿಕೊಳ್ಳುವವನ ಹಾಗೆ ತಲೆ ಓರೆ ಮಾಡಿ, ಆಮೇಲೆ ಮೆಲ್ಲಗೆ ಹಿಂದಕ್ಕೆ ಒರಗಿಬಿಡುತ್ತಿದ್ದ. ಹಾಗೆ ಬಾಗಿ ಹಾಗೆ ಒರಗುವುದನ್ನು ಹೆಸ್ಟರ್ ಬಲ್ಲಳು. ಅವಳ ಇಡೀ ಬಾಳು ಆ ಬೆಂಚಿನ ಮೇಲೆ ಹಾಗೇ ಕಳೆದಿತ್ತು.

ಬೇಸಿಗೆ ಮುಗಿಯಿತು. ಅವನು ಚಹಾಕ್ಕೆ ನಿಲ್ಲುವುದನ್ನು ಬಿಟ್ಟ. ಅಂಗಿಯ ಕಾಲರು ಕುತ್ತಿಗೆಯ ಸುತ್ತ ಸಡಿಲವಾಯಿತು. ಒಂದು ದಿನ ಅಂಗಡಿಯಲ್ಲಿ ಸಿಕ್ಕಾಗ, "ಇನ್ನೂ ಗೊತ್ತಾಗಿಲ್ಲ ಹೆಸ್ಟರ್. ಕಾಯ್ತಾ ಇದೀನಿ," ಅಂದ. ಅವನ ಮುಖದಲ್ಲಿ ದೂರಿನ ಸುಳಿವೂ ಇರಲಿಲ್ಲ. ಬೆಲ್ಲೇ ಇಲ್ಲದ ಬಸ್ಸಿನಲ್ಲಿ ಅವನನ್ನು ಕೂರಿಸಿ ಬಂದವಳು ತಾನು. ಹೋಗಿ ಹೇಳಬೇಕು, ನಾನು ಹೇಳಿದ್ದು ಸುಳ್ಳು, ನನಗೂ ಯಾವತ್ತೂ ಗೊತ್ತಾಗಿಲ್ಲ ಎಂದು. ಇಲ್ಲದಿದ್ದರೆ ಇವನು ಕಾಯುತ್ತಲೇ ಮುಗಿದುಹೋಗುತ್ತಾನೆ, ತಾನು ಮುಗಿದ ಹಾಗೆ. ಈ ವಾರ ಹೋಗುತ್ತೇನೆ ಅಂದುಕೊಂಡಳು, ಮೇಬಲ್‌ಗೆ ಜ್ವರ ಬಂತು. ಮುಂದಿನ ವಾರ ಅಂದುಕೊಂಡಳು, ಹೀಟರು ಕೆಟ್ಟಿತು. ನಿಜ ಹೇಳಬೇಕೆಂದರೆ ಎರಡೂ ನೆಪವೇ. ಹೋಗಲು ಕಾಲಿಗೆ ಶಕ್ತಿ ಇರಲಿಲ್ಲ, ಹೇಳಲು ಬಾಯಿಗೆ ಧೈರ್ಯ ಇರಲಿಲ್ಲ.

ನವೆಂಬರಿನ ಒಂದು ಭಾನುವಾರ. ಹಿಂದಿನ ದಿನಗಳಲ್ಲಿ ಮೇಬಲ್‌ಳ ರೈಲು ನಿಂತೇ ಇರಲಿಲ್ಲ. ಹೆಸ್ಟರ್ ಬೀಗ ತೆಗೆದಳು, ದಾರ ಎಳೆದಳು, ದಿಂಬು ಕೊಡವಿದಳು. ಹೂವಿಲ್ಲದ ಕಾಲ, ಹಿತ್ತಿಲಿನಿಂದ ಕೆಂಪು ಹಣ್ಣಿನ ಒಂದು ಟೊಂಗೆ ಮುರಿದು ತಂದಿಟ್ಟಳು. ಜನ ಬಂದರು. ಕ್ಲೆಮೆಂಟ್ ಬಂದು ತನ್ನ ಜಾಗದಲ್ಲಿ ಕೂತ. ಹೀಟರಿನ ಶಾಖ ನೇರವಾಗಿ ಹೆಸ್ಟರ್‌ಳ ಕುತ್ತಿಗೆಯ ಮೇಲೆ ಬೀಳುತ್ತಿತ್ತು. ಇವತ್ತು ಸಭೆ ಮುಗಿದ ಕೂಡಲೇ ಅವನಿಗೆ ಹೇಳಿಯೇ ಬಿಡುತ್ತೇನೆ, ಎಂದುಕೊಂಡು ಕಣ್ಣು ಮುಚ್ಚಿದಳು.

ಕಣ್ಣು ತೆರೆದಾಗ ಬಿಸಿಲು ಎದುರಿನ ಗೋಡೆಯಿಂದ ಜಾರಿ ನೆಲಕ್ಕೆ ಬಂದಿತ್ತು. ಅವಳ ಮೈಮೇಲೆ ಯಾರದೋ ದಪ್ಪ ಕೋಟು ಇತ್ತು, ಅದರಿಂದ ಪುದೀನ ಪೆಪ್ಪರಮಿಂಟಿನ ವಾಸನೆ ಬರುತ್ತಿತ್ತು. ಬಾಯಿ ಒಣಗಿತ್ತು, ಕುತ್ತಿಗೆ ಹಿಡಿದಿತ್ತು. ಗಡಿಯಾರ ನೋಡಿದಳು. ಒಂದು ಗಂಟೆಯ ಹತ್ತಿರ. ಸಭೆ ಮುಗಿದು ಎಲ್ಲರೂ ಮನೆಗೆ ಹೋಗಿ ಊಟಕ್ಕೆ ಕೂತಿರಬೇಕಾದ ಹೊತ್ತು.

ಯಾರೂ ಹೋಗಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಜಾಗದಲ್ಲೇ ಕೈ ಮಡಿಸಿ, ಕಣ್ಣು ಮುಚ್ಚಿ ಕೂತಿದ್ದರು. ಪ್ರುಡೆನ್ಸ್ ಕೂಡ.

ಹೆಸ್ಟರ್ ಲೆಕ್ಕ ಹಾಕಿದಳು. ತಾನು ಕೈ ಕುಲುಕಲಿಲ್ಲವೆಂದು ಇವರು ಹೊರಡಲಿಲ್ಲ. ಎಷ್ಟು ಆಳಕ್ಕೆ ಇಳಿದಿದ್ದಾಳೆ ಎಂದುಕೊಂಡು ಕೂತಿದ್ದಾರೆ. ಮೈಮೇಲೆ ಕೋಟು ಹೇಗೆ ಬಂತೆಂದು ಯೋಚಿಸುವಷ್ಟು ನಿದ್ದೆ ಇನ್ನೂ ಬಿಟ್ಟಿರಲಿಲ್ಲ. ಈಗ ಮೆಲ್ಲಗೆ ಕೈ ಚಾಚಿದರೆ ಸಾಕು. ಯಾರಿಗೂ ತಿಳಿಯುವುದಿಲ್ಲ. ಎಂಥ ಮೌನವಮ್ಮ ಇವತ್ತು, ಎನ್ನುತ್ತಾರೆ, ವರ್ಷಗಟ್ಟಲೆ ನೆನೆಸಿಕೊಳ್ಳುತ್ತಾರೆ. ಕೈ ಕೋಟಿನ ಅಡಿಯಿಂದ ಹೊರಟಿತು ಕೂಡ. ಪಕ್ಕದಲ್ಲಿ ಕ್ಲೆಮೆಂಟ್ ಬರೀ ಅಂಗಿಯಲ್ಲಿ ಚಳಿಗೆ ಭುಜ ಕುಗ್ಗಿಸಿ ಕೂತಿದ್ದ. ಬಾಯಿಂದ ಒಂದು ಸುಳ್ಳು ಅವನಿಗೆ ಆಗಲೇ ಕೊಟ್ಟಾಗಿದೆ. ಈಗ ಕೈಯಿಂದ ಇನ್ನೊಂದಾ?

ಕೋಟು ಕೆಳಗೆ ಬಿತ್ತು. ಹೆಸ್ಟರ್ ಎದ್ದು ನಿಂತಿದ್ದಳು. ಮದುವೆಯಾದ ಹೊಸದರಲ್ಲಿ ನಿಂತಿದ್ದಳಲ್ಲ, ಆಮೇಲೆ ಇವತ್ತೇ.

"ನಾನು ನಿದ್ದೆ ಮಾಡ್ಬಿಟ್ಟೆ," ಅಂದಳು. "ಅದು ಮೌನ ಅಲ್ಲ, ನಿದ್ದೆ. ನನಗೆ ತುಂಬ ದಿನದಿಂದ ಸುಸ್ತು. ಇಲ್ಲಿ ಕೂತ್ರೆ ಏನೂ ಆಗಲ್ಲ ನನಗೆ, ಸುಮ್ಮನೆ ಕೂತಿರ್ತೀನಿ. ಮತ್ತೆ… ಇಲ್ಲಿ ಒಬ್ರಿಗೆ, ಗೊತ್ತಾಗತ್ತೆ ಅಂತ ಹೇಳಿದ್ದೆ. ಸುಳ್ಳು ಹೇಳಿದ್ದೆ. ನನಗೆ ಯಾವತ್ತೂ ಗೊತ್ತಾಗಿಲ್ಲ."

ಕೂತಳು. ಸಭೆಯಲ್ಲಿ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುವ ರೂಢಿಯಿಲ್ಲ. ಹೊರಗೆ ಸಮಾಧಿಗಳ ನಡುವೆ ಕುರಿಯೊಂದು ಹುಲ್ಲು ಕೀಳುತ್ತಿದ್ದ ಸದ್ದು ಕೇಳಿಸಿತು. ಇವತ್ತೂ ನುಗ್ಗಿದೆ, ಅಟ್ಟಬೇಕು ಎಂದುಕೊಂಡಳು, ಏಳಲಾಗಲಿಲ್ಲ. ಕೊನೆಗೆ ಪಕ್ಕಕ್ಕೆ ತಿರುಗಿ ಕೈ ಚಾಚಿದಳು. ಕ್ಲೆಮೆಂಟ್ ಆ ಕೈಯನ್ನು ಹಿಡಿದು ಕುಲುಕಿದ. ಎಲ್ಲರೂ ಕುಲುಕಿಕೊಂಡರು. ಸಭೆ ಮುಗಿಯಿತು.

"ಅಯ್ಯೋ, ಮೇಬಲ್!" ಎಂದು ಹೆಸ್ಟರ್ ಗಾಬರಿಯಿಂದ ಎದ್ದಳು.

"ಕೂತ್ಕೊಳ್ಳೇ," ಅಂದಳು ಪ್ರುಡೆನ್ಸ್. "ನಾನು ಆಗ್ಲೇ ಹೊರಗೆ ಹೋಗಿ ಪಕ್ಕದ ಮನೆಯೋಳಿಗೆ ಫೋನ್ ಮಾಡಿದೀನಿ. ಮೇಬಲ್ ಊಟ ಮಾಡಿ ಮಲಗಿದಾಳಂತೆ. ಸುಟ್ಟಿದ್ದು ನನ್ನ ಕುರಿಮಾಂಸ ಒಂದೇ. ಒಲೇಲಿ ಇಟ್ಟು ಬಂದಿದ್ದೆ, ಇಷ್ಟು ಹೊತ್ತಿಗೆ ಇದ್ದಿಲಾಗಿರತ್ತೆ."

"ಹಾಗಾದ್ರೆ… ನಿಮಗೆ ಗೊತ್ತಿತ್ತಾ?"

"ನೀನು ಗೊರಕೆ ಹೊಡೀಲಿಲ್ಲ, ಅದು ನಿನ್ನ ಪುಣ್ಯ. ಗಂಟೆ ತುಂಬಿದಾಗ ಏನೋ ಆಳ ಅಂದ್ಕೊಂಡೆ ನಾನೂ. ಆಮೇಲೆ ಇವನು ಎದ್ದ." ಪ್ರುಡೆನ್ಸ್ ಗಲ್ಲದಿಂದಲೇ ಕ್ಲೆಮೆಂಟ್‌ನನ್ನು ತೋರಿಸಿದಳು. "ಹೊರಡ್ತಪ್ಪಾ ಬಸ್ಸು, ಅಂದ್ಕೊಂಡೆ. 'ಹೆಸ್ಟರ್‌ಗೆ ನಿದ್ದೆ ಬಂದಿದೆ. ಎಬ್ಬಿಸ್ಬೇಡಿ. ಒಲೆ ಮೇಲೆ ಏನಾದ್ರೂ ಇಟ್ಟು ಬಂದೋರು ಹೋಗಿ, ನಾನಿರ್ತೀನಿ' ಅಂದ. ಕೂತುಬಿಟ್ಟ. ಅಷ್ಟೇ." ಮೂಗು ಸೀಟಿಕೊಂಡಳು. "ಯಾರಿಗೂ ಎದ್ದು ಮನೆಗೆ ಹೋಗೋಕೆ ಮನಸ್ಸೇ ಬರ್ಲಿಲ್ಲ ಕಣೇ. ನನಗೂ."

ಹೆಸ್ಟರ್ ಬಟ್ಟಲು ತೊಳೆಯಲು ಅಡುಗೆಕೋಣೆಯ ಕಡೆ ಹೊರಟಳು. ಪ್ರುಡೆನ್ಸ್ ಅವಳ ಭುಜ ಹಿಡಿದು ಮತ್ತೆ ಬೆಂಚಿಗೆ ಕೂರಿಸಿ, ತಾನೇ ಒಳಗೆ ಹೋದಳು. ಒಳಗೆ ಬಟ್ಟಲುಗಳ ಸದ್ದು, ನಲ್ಲಿಯ ಸದ್ದು. ಯಾವುದೋ ಒಂದು ಬಟ್ಟಲು ಒಡೆದ ಸದ್ದೂ ಬಂತು. ಉಳಿದವರು ಮನೆಗೆ ಹೊರಟರು, ಸಭೆಯ ಕೋಣೆಯಲ್ಲಿ ಇವರಿಬ್ಬರೇ ಉಳಿದರು. ಕ್ಲೆಮೆಂಟ್ ಕೋಟನ್ನು ನೆಲದಿಂದ ಎತ್ತಿ, ಕೊಡವಿ, ತಾನು ಹಾಕಿಕೊಳ್ಳದೆ ಮತ್ತೆ ಅವಳ ಭುಜಕ್ಕೆ ಹೊದಿಸಿದ.

"ನೀನು ಹೇಳಿದ ಹಾಗೇ ಕೇಳ್ಕೊಂಡೆ ಹೆಸ್ಟರ್. ನಂದಾ, ಕೊಟ್ಟಿದ್ದಾ ಅಂತ," ಅಂದ. "ಇವತ್ತೂ ಗೊತ್ತಾಗ್ಲಿಲ್ಲ. ಕೇಳ್ಕೋತಾ ಕೂತ್ರೆ ನಿನ್ನ ತಲೆ ವಾಲಿ ವಾಲಿ ಬೆಂಚಿನ ತುದಿಗೆ ಬಡಿಯೋ ಹಾಗಿತ್ತು. ಎದ್ಬಿಟ್ಟೆ."

ಹೆಸ್ಟರ್‌ಗೆ ನಗು ಬಂತು. ನಗುತ್ತ ನಗುತ್ತ ಅದು ಅಳುವಾಯಿತು, ನಿಲ್ಲಿಸಲು ನೋಡಿದರೂ ನಿಲ್ಲಲಿಲ್ಲ. ಕ್ಲೆಮೆಂಟ್ ಕೋಟಿನ ಜೇಬಿಗೆ ಕೈ ಹಾಕಿ ಒಂದು ಪೆಪ್ಪರಮಿಂಟು ತೆಗೆದು ಅವಳ ಅಂಗೈಯಲ್ಲಿ ಇಟ್ಟ.

"ಏನಾಗಿದೆ ಹೇಳು," ಅಂದ.

ಏನಿಲ್ಲ ಬಿಡು, ಎನ್ನಲು ಹೋದಳು. ಅಭ್ಯಾಸ. ಆದರೆ ಆ ಎರಡು ಪದಗಳನ್ನು ಎತ್ತುವ ಶಕ್ತಿಯೂ ಉಳಿದಿರಲಿಲ್ಲ. ಹೇಳುವುದೇ ಹಗುರವಾಗಿತ್ತು.

"ಮೇಬಲ್ ರಾತ್ರಿ ಎದ್ದು ಕೋಟು ಹಾಕ್ಕೊಂಡು ಬಾಗಿಲ ಹತ್ರ ನಿಲ್ತಾಳೆ. ರೈಲು ಹೋಗ್ಬಿಡತ್ತೆ ಅಂತಾಳೆ," ಅಂದಳು. "ನಿನ್ನೆ ನನಗೆ ಎಷ್ಟು ಸುಸ್ತಾಗಿತ್ತು ಅಂದ್ರೆ, ಹೋಗಮ್ಮ, ಹತ್ತು, ನನ್ನನ್ನೂ ಕರ್ಕೊಂಡು ಹೋಗು ಅಂದ್ಬಿಟ್ಟೆ. ಅವಳು ನನ್ನ ಕೋಟು ಹುಡುಕೋಕೆ ಶುರು ಮಾಡಿದ್ಲು ಕ್ಲೆಮೆಂಟ್. ಇಡೀ ಮನೆ ಹುಡುಕಿದ್ಲು…"

ಕ್ಲೆಮೆಂಟ್ ಬೆಂಚಿಗೆ ಒರಗಿ, ಕಾಲು ಚಾಚಿ, ಎರಡು ಕೈಯನ್ನೂ ಮಂಡಿಯ ಮೇಲಿಂದ ತೆಗೆದು ಹೊಟ್ಟೆಯ ಮೇಲೆ ಇಟ್ಟುಕೊಂಡ.

"ಹೂಂ," ಅಂದ.